ದೊಡ್ಡ ಯುದ್ಧಕ್ಕೆ ಪೀಠಿಕೆ ಹಾಕುವ ಕಾಮಿಕ್ಸ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು

ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಜೆ ತುಮಕೂರಿಗೆ ವಾಪಸಾಗುವ ಕಾಲೇಜು ಹುಡುಗ ಹುಡುಗಿಯರಲ್ಲಿ ಕಾಮಿಕ್ಸ್ ಹುಚ್ಚಿನವರು ಸಾಕಷ್ಟಿದ್ದಾರೆ. ಸಿನಿಮಾ ನೋಡಿ ಹುಚ್ಚು ಹತ್ತಿಸಿಕೊಂಡವರೇ ಹೆಚ್ಚು. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ನಿಂತು ಫೋನ್ ಮಾಡಿ ಅವರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ಅಣ್ಣಾ, ಸಿವಿಲ್ ವಾರ್ ತಗೊಳ್ಳೋಣ ಅಂತಿದೀನಿ. ಪಕ್ಕದಲ್ಲೇ ರೋಡ್ ಟು ಸಿವಿಲ್ ವಾರ್ ಅಂತ ಇನ್ನೊಂದಿದೆ. ಅದನ್ನೂ ತಗೊಳ್ಳಲೇಬೇಕಾ?"

ಸಿವಿಲ್ ವಾರ್ ಅಂದರೆ ಸೂಪರ್‌ಹೀರೋಗಳೇ ಎರಡು ಬಣವಾಗಿ ಹೊಡೆದಾಡುವ, ಮಾರ್ವೆಲ್ ಕಂಪನಿಯ ಕಾಮಿಕ್ಸ್; ರೋಡ್ ಟು ಸಿವಿಲ್ ವಾರ್ ಅದಕ್ಕೆ ಪೀಠಿಕೆ. ಒಂದು ಸಂಪುಟಕ್ಕೆ ಸಾವಿರ ರೂಪಾಯಿ ದಾಟುವುದು ಮಾಮೂಲಾಗಿರುವಾಗ ಇದು ಸಣ್ಣ ಪ್ರಶ್ನೆಯೇನಲ್ಲ. ಹಾಗಾಗಿ ಉತ್ತರವನ್ನು ಒಂದು ಕಡೆ ವಿವರವಾಗಿ ಬರೆದಿಡುತ್ತಿದ್ದೇನೆ. ಕಥೆಯ ಮುಖ್ಯ ತಿರುವುಗಳನ್ನು ಹೇಳದೆ ಈ ಹೋಲಿಕೆ ಸಾಧ್ಯವಿಲ್ಲ. ಗೊತ್ತಾಗುವುದು ಬೇಡ ಎನ್ನುವವರು ಮೊದಲು ಪುಸ್ತಕ ಓದಿ ಬನ್ನಿ.

ಒಂದೇ ಕಂಪನಿಯ ಬೇರೆ ಬೇರೆ ಹೀರೋಗಳ ಪುಸ್ತಕಗಳು ಒಂದೇ ದೊಡ್ಡ ಕಥೆಯೊಳಗೆ ಬಂದು ಸೇರುವುದೇ ಕ್ರಾಸ್‌ಓವರ್. 1984ರಲ್ಲಿ ಮಾರ್ವೆಲ್‌ನ ಹನ್ನೆರಡು ಸಂಚಿಕೆಗಳ ಸೀಕ್ರೆಟ್ ವಾರ್ಸ್ ಬಂತು, ಅದರ ಬೆನ್ನಿಗೇ 1985ರಲ್ಲಿ ಪ್ರತಿಸ್ಪರ್ಧಿ ಕಂಪನಿ ಡಿಸಿಯ ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್. ಕ್ರೈಸಿಸ್‌ಗೆ ಡಿಸಿ ಪೀಠಿಕೆ ಹಾಕಿದ ರೀತಿ ನೋಡಿ: 1982ರಿಂದಲೇ ಮಾನಿಟರ್ ಎಂಬ ನಿಗೂಢ ಪಾತ್ರ ಬೇರೆ ಬೇರೆ ಪುಸ್ತಕಗಳಲ್ಲಿ ಒಂದೆರಡು ಪ್ಯಾನೆಲ್‌ನಲ್ಲಿ, ಅಂದರೆ ಚಿತ್ರದ ಚೌಕದಲ್ಲಿ, ಕಾಣಿಸಿಕೊಂಡು ಮರೆಯಾಗುತ್ತಿತ್ತು. ಓದುಗನ ಜೇಬಿಗೆ ಅದರಿಂದ ಹೆಚ್ಚುವರಿ ಖರ್ಚಿಲ್ಲ. 2005ರ ಹೊತ್ತಿಗೆ ಪದ್ಧತಿ ಬದಲಾಗಿತ್ತು. ಪೀಠಿಕೆಯೇ ಬೇರೆ ಪುಸ್ತಕವಾಯಿತು, ಅದಕ್ಕೇ ಒಂದು ಹೆಸರು, ಅದಕ್ಕೇ ಒಂದು ಬೆಲೆ. ನಮ್ಮ ತಲೆನೋವು ಶುರುವಾಗುವುದು ಅಲ್ಲಿಂದ.

ಅಳೆಯುವುದು ಹೇಗೆ

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಊರವರೇ ಬಣ್ಣ ಹಚ್ಚಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಅದನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ನಾಟಕದ ಹೆಸರೇ ಕುರುಕ್ಷೇತ್ರ. ಆದರೂ ಜನ ನಿದ್ದೆಗೆಟ್ಟು ಕಾಯುವುದು ಕೃಷ್ಣ ಸಂಧಾನದ ಸೀನಿಗೆ, ಕುಂತಿ ಕರ್ಣನ ಹತ್ತಿರ ಬರುವ ಸೀನಿಗೆ. ಹಾರ್ಮೋನಿಯಂ ಮೇಷ್ಟ್ರು ಹುರುಪಾಗುವುದು ಅಲ್ಲಿ, ಒನ್ಸ್ ಮೋರ್ ಬೀಳುವುದು ಅಲ್ಲಿ. ಯುದ್ಧ ಆಗಿಯೇ ಆಗುತ್ತದೆ ಎಂದು ಕೂತವರಿಗೆಲ್ಲ ಗೊತ್ತು. ಗೊತ್ತಿದ್ದೂ ಆ ಸೀನು ಎದೆ ಹಿಡಿಯುತ್ತದೆ, ಯಾಕೆಂದರೆ ಕರ್ಣ ನಮ್ಮ ಕಣ್ಣೆದುರಿಗೇ ಒಂದು ತೀರ್ಮಾನ ಮಾಡುತ್ತಾನೆ, ಮಾಡಿದ ಮೇಲೆ ಅದನ್ನು ವಾಪಸು ಪಡೆಯಲು ಅವನಿಗೆ ಆಗುವುದಿಲ್ಲ. ಸಂಧಾನ ಯುದ್ಧಕ್ಕೆ ಪೀಠಿಕೆಯೂ ಹೌದು, ತನ್ನಷ್ಟಕ್ಕೆ ತಾನು ಪೂರ್ತಿ ಕಥೆಯೂ ಹೌದು.

ಪೀಠಿಕೆ ಕಾಮಿಕ್ಸಿಗೂ ನನ್ನ ಅಳತೆಗೋಲು ಅದೇ. ಮುಂದೆ ಏನಾಗುತ್ತದೋ ಎಂಬ ಕುತೂಹಲ ಹುಟ್ಟಿಸಿದರೆ ಸಾಲದು. ಅದನ್ನು ಜಾಹೀರಾತು ಕೂಡ ಮಾಡುತ್ತದೆ. ಈ ಪುಟಗಳೊಳಗೇ ಯಾರಾದರೂ ಒಂದು ನಿರ್ಧಾರಕ್ಕೆ ಬಂದರೇ, ಅದಕ್ಕೆ ಬೆಲೆ ತೆತ್ತರೇ? ಮುಖ್ಯ ಕಥೆಯನ್ನು ಮುಂದೆಂದೂ ಓದದೆ ಹೋದರೂ ಇದನ್ನು ಓದಿದ್ದು ದಂಡವಾಗಲಿಲ್ಲ ಅನ್ನಿಸುತ್ತದೆಯೇ? ಕೇಳಬೇಕಾದ್ದು ಇದನ್ನು.

ಈ ವಿಷಯದಲ್ಲಿ ನಮ್ಮಂಥ ಊರಿನ ಓದುಗರಿಗೆ ಒಂದು ಅನುಕೂಲವೂ ಇದೆ ಎಂದು ನನ್ನ ನಂಬಿಕೆ. ಅಮೆರಿಕದಲ್ಲಿ ಬುಧವಾರ ಬುಧವಾರ ಬಿಡಿ ಸಂಚಿಕೆ ಕೊಳ್ಳುವವನು ಕಂಪನಿಯ ಪ್ರಚಾರ, ಸಂದರ್ಶನ, ಗಾಳಿಸುದ್ದಿ ಎಲ್ಲದರ ನಡುವೆ ಓದುತ್ತಾನೆ. ನಮ್ಮ ಕೈಗೆ ಪುಸ್ತಕ ಬರುವುದು ಹತ್ತು ಹದಿನೈದು ವರ್ಷ ತಡವಾಗಿ, ಸಂಪುಟವಾಗಿ. ಅಷ್ಟು ಹೊತ್ತಿಗೆ ಆ ಗದ್ದಲವೆಲ್ಲ ತಣ್ಣಗಾಗಿ, ಪುಟದ ಮೇಲೆ ಇರುವುದಷ್ಟೇ ಉಳಿದಿರುತ್ತದೆ. ಪೀಠಿಕೆ ಕಾಮಿಕ್ಸ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ.

ಕೌಂಟ್‌ಡೌನ್ ಟು ಇನ್‌ಫಿನಿಟ್ ಕ್ರೈಸಿಸ್ (2005)

ಆ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ತೆಗೆಯುವ ಒಂಟಿ ಸಂಚಿಕೆ ಇದು. ಎಂಬತ್ತು ಪುಟ, ಬಂದಾಗಿನ ಬೆಲೆ ಒಂದೇ ಡಾಲರ್. ಜೆಫ್ ಜಾನ್ಸ್, ಗ್ರೆಗ್ ರಕ್ಕಾ, ಜಡ್ ವಿನಿಕ್ ಮೂವರೂ ಸೇರಿ ಬರೆದದ್ದು. ಇದರಿಂದ ನಾಲ್ಕು ಕಿರುಸರಣಿಗಳು ಹೊರಟು, ಅವು ಮುಂದೆ ಏಳು ಸಂಚಿಕೆಗಳ ಇನ್‌ಫಿನಿಟ್ ಕ್ರೈಸಿಸ್‌ಗೆ ಹೋಗಿ ಸೇರುತ್ತವೆ. ಹೊತ್ತ ಭಾರ ಇಷ್ಟಿದ್ದರೂ ಇದು ಒಬ್ಬನೇ ಒಬ್ಬನ ಕಥೆಯಾಗಿ ನಿಲ್ಲುತ್ತದೆ.

ಆ ಒಬ್ಬ ಟೆಡ್ ಕಾರ್ಡ್, ಅಂದರೆ ಬ್ಲೂ ಬೀಟಲ್. ಯಾವ ಶಕ್ತಿಯೂ ಇಲ್ಲದವನು. ತಲೆ ಚುರುಕು, ಕೈಯಲ್ಲಿ ಒಂದಷ್ಟು ಯಂತ್ರ, ಬಾಯಿ ತುಂಬ ತಮಾಷೆ. 1987ರಲ್ಲಿ ಶುರುವಾದ ಜಸ್ಟಿಸ್ ಲೀಗ್ ಎಂಬ ಹೀರೋಗಳ ತಂಡದ ಸರಣಿಯಲ್ಲಿ ಗೆಳೆಯ ಬೂಸ್ಟರ್ ಗೋಲ್ಡ್ ಜೊತೆ ಸೇರಿ ನಗಿಸುವುದೇ ಅವನ ಪಾತ್ರವಾಗಿತ್ತು. ಇಲ್ಲಿ ಅವನ ಕಂಪನಿಯ ಹಣ ಯಾರೋ ಸೋರಿಸುತ್ತಿದ್ದಾರೆ. ಅದರ ಜಾಡು ಹಿಡಿದು ಹೊರಟರೆ ಅದು ಸೂಪರ್‌ಹೀರೋಗಳೆಲ್ಲರಿಗೂ ತಗಲುವ ಸಂಚು. ಹೇಳಿಕೊಳ್ಳಲು ಒಬ್ಬೊಬ್ಬರ ಬಳಿಗೂ ಹೋಗುತ್ತಾನೆ. ದೊಡ್ಡವರಿಗೆಲ್ಲ ಅವರವರದೇ ದೊಡ್ಡ ಕೆಲಸ. ಕಥೆ ಅವನದೇ ದನಿಯಲ್ಲಿ ಸಾಗುವುದರಿಂದ ಆ ಅಲಕ್ಷ್ಯ ಓದುವವರಿಗೂ ಚುಚ್ಚುತ್ತದೆ. ಮುಂದೆ ಬರಲಿರುವ ಮಹಾಕಥೆಯ ಬೇರೆ ಬೇರೆ ಎಳೆಗಳು ಪರಿಚಯವಾಗುವುದೂ ಇದೇ ಅಲೆದಾಟದಲ್ಲಿ. ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗುವ ಬದಲು, ಹಾಜರಿಯೇ ಟೆಡ್‌ನ ನೋವಾಗಿಬಿಡುತ್ತದೆ. ಬರವಣಿಗೆಯ ಕಸುಬು ಬಲ್ಲವರ ಕೆಲಸ ಇದು.

ಕೊನೆಗೆ ಒಬ್ಬನೇ ಶತ್ರುವಿನ ನೆಲೆಗೆ ನುಗ್ಗುತ್ತಾನೆ. ಅಲ್ಲಿ ಕೂತಿರುವವನು ಮ್ಯಾಕ್ಸ್‌ವೆಲ್ ಲಾರ್ಡ್, ಅದೇ ಹಳೆಯ ಜಸ್ಟಿಸ್ ಲೀಗನ್ನು ಕಟ್ಟಿ ಸಾಕಿದ ಮನುಷ್ಯ. ಲಾರ್ಡ್ ತನ್ನ ಪಿಸ್ತೂಲು ತೋರಿಸಿ ಒಂದು ಅವಕಾಶ ಕೊಡುತ್ತಾನೆ: ನನ್ನ ಕಡೆ ಬಾ, ಬದುಕಿಕೋ. ಸೋತು, ರಕ್ತ ಸೋರಿಸಿಕೊಂಡು ಬಿದ್ದಿರುವ ಟೆಡ್ ಒಂದು ಸಾಲಿನಲ್ಲಿ ಆಗುವುದಿಲ್ಲ ಎನ್ನುತ್ತಾನೆ. ಗುಂಡು ಹಾರುತ್ತದೆ. ಅಷ್ಟು ದಿನ ಯಾರೂ ಲೆಕ್ಕಕ್ಕೆ ಹಿಡಿಯದವನು ಅತಿ ದೊಡ್ಡ ತೀರ್ಮಾನ ಮಾಡಿ ಹೋದ. ಇದಾದ ಮೇಲೆ ಇನ್‌ಫಿನಿಟ್ ಕ್ರೈಸಿಸ್ ಓದುತ್ತೀರೋ ಬಿಡುತ್ತೀರೋ, ಟೆಡ್‌ನ ಕಥೆ ಮಾತ್ರ ನಿಮ್ಮಲ್ಲಿ ಪೂರ್ತಿಯಾಗಿದೆ.

ಕೊಳ್ಳುವ ಮುಂಚೆ ತಿಳಿದಿರಬೇಕಾದ ಒಂದು ತೊಡಕಿದೆ. ಸಂಪುಟದ ರೂಪದಲ್ಲಿ ಇದು ಸಿಗುವುದು ದಿ ಒಮ್ಯಾಕ್ ಪ್ರಾಜೆಕ್ಟ್ ಎಂಬ ಪುಸ್ತಕದ ಮೊದಲ ಭಾಗವಾಗಿ, ಅದರ ಆರು ಸಂಚಿಕೆಗಳ ಜೊತೆ. ಒಮ್ಯಾಕ್ ಕಥೆ ಚೆನ್ನಾಗಿಯೇ ಓಡುತ್ತದೆ. ಆದರೆ ನಟ್ಟನಡುವೆ ಬರಬೇಕಾದ ಅತಿ ಮುಖ್ಯ ಘಟನೆ, ಲಾರ್ಡ್‌ನನ್ನು ವಂಡರ್ ವುಮನ್ ಕೊಲ್ಲುವುದು, ನಡೆಯುವುದು ಅವಳ ಸ್ವಂತ ಸರಣಿಯ 219ನೇ ಸಂಚಿಕೆಯಲ್ಲಿ. ಅದು ಸ್ಯಾಕ್ರಿಫೈಸ್ ಎಂಬ ಬೇರೆ ಸಂಪುಟದಲ್ಲಿದೆ. ಒಂದು ಪುಟ ತಿರುವಿದರೆ ಎಲ್ಲರೂ ಆಗಿಹೋದ ಕೊಲೆಯ ಬಗ್ಗೆ ಮಾತಾಡುತ್ತಿರುತ್ತಾರೆ. ದುಡ್ಡು ಕೊಟ್ಟು ಪುಸ್ತಕ ಕೊಂಡವರಿಗೆ ಹೀಗೆ ಮಾಡಬಾರದು. ಮೊದಲ ಎಂಬತ್ತು ಪುಟಕ್ಕಾಗಿಯೇ ಕೊಳ್ಳುತ್ತಿದ್ದೇನೆ, ಉಳಿದದ್ದು ಬಂದಷ್ಟು ಬರಲಿ ಎಂದುಕೊಂಡು ಕೊಂಡರೆ ನಿರಾಸೆಯಿಲ್ಲ.

ನ್ಯೂ ಅವೆಂಜರ್ಸ್: ಇಲ್ಲುಮಿನಾಟಿ (2006)

ರೋಡ್ ಟು ಸಿವಿಲ್ ವಾರ್ ಸಂಪುಟದಲ್ಲಿ ಓದಲೇಬೇಕಾದ್ದು ಈ ಒಂದೇ ಒಂದು ಸಂಚಿಕೆ. ಬ್ರಯಾನ್ ಮೈಕಲ್ ಬೆಂಡಿಸ್ ಬರೆದು ಅಲೆಕ್ಸ್ ಮಲೀವ್ ಚಿತ್ರಿಸಿದ್ದು. ಗುದ್ದಾಟ ಕಮ್ಮಿ, ಮಾತೇ ಜಾಸ್ತಿ. ಐರನ್ ಮ್ಯಾನ್ (ಟೋನಿ ಸ್ಟಾರ್ಕ್), ಫೆಂಟಾಸ್ಟಿಕ್ ಫೋರ್ ತಂಡದ ರೀಡ್ ರಿಚರ್ಡ್ಸ್, ಡಾಕ್ಟರ್ ಸ್ಟ್ರೇಂಜ್, ಪ್ರೊಫೆಸರ್ ಎಕ್ಸ್, ನೇಮೋರ್, ಬ್ಲ್ಯಾಕ್ ಬೋಲ್ಟ್ ಆರು ಜನ ಗುಟ್ಟಾಗಿ ಸೇರಿ ಲೋಕದ ಹಣೆಬರಹ ಬರೆಯುತ್ತಾರೆ.

ಮೊದಲ ಸಭೆ ನಡೆಯುವುದು ವಕಾಂಡಾದಲ್ಲಿ. ಜಾಗ ಕೊಟ್ಟ ಬ್ಲ್ಯಾಕ್ ಪ್ಯಾಂಥರ್ ಮಾತ್ರ ಗುಂಪಿಗೆ ಸೇರಲು ಒಪ್ಪುವುದಿಲ್ಲ. ಎಲ್ಲರ ಪರವಾಗಿ ತೀರ್ಮಾನ ಮಾಡುವ ಅಧಿಕಾರ ನಿಮಗೆ ಕೊಟ್ಟವರ್ಯಾರು, ನಾಳೆ ನಿಮ್ಮ ನಿಮ್ಮಲ್ಲೇ ಭಿನ್ನಾಭಿಪ್ರಾಯ ಬಂದರೆ ಏನು ಮಾಡುತ್ತೀರಿ ಎಂಬ ಧಾಟಿಯಲ್ಲಿ ಕೇಳಿ, ಎಲ್ಲರನ್ನೂ ಕಳಿಸಿಬಿಡುತ್ತಾನೆ. ಮುಂದಿನ ವರ್ಷಗಳ ಮಾರ್ವೆಲ್ ಕಥೆಯೆಲ್ಲ ಆ ಎರಡು ಪ್ರಶ್ನೆಗಳಿಗೆ ಉತ್ತರ ಎಂದರೆ ತಪ್ಪಾಗದು. ಆಮೇಲೆ ಇನ್ನೊಂದು ಸಭೆ: ಹಲ್ಕ್ ಅಪಾಯಕಾರಿ, ಅವನನ್ನು ಮೋಸದಿಂದ ಬಾಹ್ಯಾಕಾಶಕ್ಕೆ ಸಾಗಹಾಕೋಣ ಎಂಬ ಪ್ರಸ್ತಾಪ. ನೇಮೋರ್ ಒಬ್ಬನೇ ಎದ್ದು ವಿರೋಧಿಸುತ್ತಾನೆ. ಹಲ್ಕ್ ವಾಪಸು ಬಂದೇ ಬರುತ್ತಾನೆ, ಬಂದಾಗ ನ್ಯಾಯ ಅವನ ಕಡೆಗೇ ಇರುತ್ತದೆ ಎಂದು ಎಚ್ಚರಿಸಿ ಐರನ್ ಮ್ಯಾನ್ ಜೊತೆ ಹೊಡೆದಾಡಿ ಹೊರಟುಹೋಗುತ್ತಾನೆ. ಕೊನೆಯ ಸಭೆಯಲ್ಲಿ ಟೋನಿ ಸೂಪರ್‌ಹೀರೋಗಳ ನೋಂದಣಿ ಕಾಯ್ದೆಯ ಕರಡು ತಂದಿಟ್ಟು, ಅನುಭವವಿಲ್ಲದ ಯಾರೋ ಒಬ್ಬ ಹುಡುಗ ತಪ್ಪು ಮಾಡಿ ಜನ ಸಾಯುವ ದಿನ ದೂರವಿಲ್ಲ ಎನ್ನುತ್ತಾನೆ. ರೀಡ್ ಒಬ್ಬ ಅವನ ಕಡೆ ನಿಲ್ಲುತ್ತಾನೆ. ಉಳಿದವರು ಎದ್ದು ಹೋಗುತ್ತಾರೆ.

ಮೂರೇ ಸಭೆ, ಮೂರರಲ್ಲೂ ವಾಪಸು ಪಡೆಯಲಾಗದ ತೀರ್ಮಾನ. ಹಲ್ಕ್‌ನನ್ನು ಕಳಿಸಿದ್ದರಿಂದ ಪ್ಲಾನೆಟ್ ಹಲ್ಕ್, ಅದರಿಂದ 2007ರ ವರ್ಲ್ಡ್ ವಾರ್ ಹಲ್ಕ್. ಕಾಯ್ದೆಯಿಂದ ಸಿವಿಲ್ ವಾರ್. ಒಂದು ತೆಳ್ಳನೆಯ ಸಂಚಿಕೆಯಿಂದ ಇಷ್ಟು ಕಥೆ ಹೊರಟರೂ ಯಾವುದೂ ಎಳೆದು ತಂದದ್ದೆನ್ನಿಸುವುದಿಲ್ಲ, ಎಲ್ಲವೂ ಆಯಾ ಮನುಷ್ಯನ ಸ್ವಭಾವದಿಂದಲೇ ಹುಟ್ಟಿದೆ. ಟೋನಿಯ ಭಯ, ರೀಡ್‌ನ ಲೆಕ್ಕಾಚಾರ, ನೇಮೋರ್‌ನ ಗರ್ವ. ಮಲೀವ್‌ನ ನೆರಳು ತುಂಬಿದ ಮುಖಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ನ್ಯಾಯ ಅನ್ಯಾಯದ ಚರ್ಚೆ ಇಷ್ಟಪಡುವವರಿಗೆ, ಲಾ ಓದುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಸಿನಿಮಾ ನೋಡಿದವರಿಗೆ ಅರ್ಧಕ್ಕಿಂತ ಹೆಚ್ಚು ಮುಖಗಳು ಪರಿಚಿತವಾಗಿರುವುದರಿಂದ ಓದಲು ತಡವರಿಸಬೇಕಾಗಿಲ್ಲ.

ಸಂಪುಟದ ಉಳಿದ ಭಾಗದಲ್ಲಿರುವುದು ಸ್ಪೈಡರ್‌ಮ್ಯಾನ್ ಸರಣಿಯ ಮೂರು ಸಂಚಿಕೆ, ಫೆಂಟಾಸ್ಟಿಕ್ ಫೋರ್‌ನ ಎರಡು. ಸ್ಪೈಡರ್‌ಮ್ಯಾನ್ ಟೋನಿ ಕೊಟ್ಟ ಹೊಸ ಉಡುಪು ತೊಟ್ಟು ವಾಷಿಂಗ್‌ಟನ್‌ಗೆ ಹೋಗುವ ಭಾಗ ಸಿವಿಲ್ ವಾರ್‌ನಲ್ಲಿ ಅವನ ನಡೆ ಅರ್ಥವಾಗಲು ಉಪಯೋಗಕ್ಕೆ ಬರುತ್ತದೆ. ಥಾರ್‌ನ ಸುತ್ತಿಗೆ ಭೂಮಿಗೆ ಬೀಳುವ ಫೆಂಟಾಸ್ಟಿಕ್ ಫೋರ್ ಕಥೆಗೆ ಅಲ್ಲಿ ಅಂಥ ಕೆಲಸವಿಲ್ಲ. ಹಾಗಾಗಿ ಫೋನಿನ ಪ್ರಶ್ನೆಗೆ ನನ್ನ ಉತ್ತರ: ಸಿವಿಲ್ ವಾರ್ ಅರ್ಥವಾಗಲು ಇದು ಕಡ್ಡಾಯವಲ್ಲ, ಮುಖ್ಯ ಪುಸ್ತಕದ ಮೊದಲ ಸಂಚಿಕೆಯಲ್ಲಿ ಸ್ಟ್ಯಾಮ್‌ಫರ್ಡ್ ಊರಿನಲ್ಲಿ ಜನರನ್ನು ಬಲಿ ತೆಗೆದುಕೊಳ್ಳುವ ಸ್ಫೋಟದಿಂದಲೇ ಎಲ್ಲ ತಿಳಿಯುತ್ತದೆ. ಗೆಳೆಯರ ಹತ್ತಿರ ಇದ್ದರೆ ಈಸಿಕೊಂಡು ಓದಿ. ಹೊಸದಕ್ಕೆ ಪೂರ್ತಿ ಬೆಲೆ ತೆರುವುದಾದರೆ ನಿಮಗೆ ಇಲ್ಲುಮಿನಾಟಿಯ ವಾದವೇ ಮುಖ್ಯವಾಗಿರಬೇಕು.

ಅನೈಹಿಲೇಶನ್, ಮೊದಲ ಸಂಪುಟ (2006)

ಸಿನಿಮಾದಾಚೆ ಏನೂ ಓದಿಲ್ಲ, ಒಂದೇ ಒಂದು ಕೊಳ್ಳುವ ಶಕ್ತಿ ಇರುವುದು ಎನ್ನುವವರಿಗೆ ನನ್ನ ಆಯ್ಕೆ ಇದು. ಸ್ಪೈಡರ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ ಮುಂತಾದ ದೊಡ್ಡ ಹೆಸರು ಇದರಲ್ಲಿಲ್ಲದಿರುವುದೇ ಅನುಕೂಲವಾಗಿದೆ. ಪಾತ್ರಗಳ ನಲವತ್ತು ವರ್ಷದ ಚರಿತ್ರೆ ನಿಮಗೆ ಗೊತ್ತಿರಬೇಕಾಗಿಲ್ಲ, ಬರೆದವರಿಗೂ ಅವರನ್ನು ಬದಲಾಯಿಸುವ, ಕೊಲ್ಲುವ ಸ್ವಾತಂತ್ರ್ಯವಿದೆ.

ರಚನೆ ಸೊಗಸಾಗಿದೆ. ಕೀತ್ ಗಿಫನ್ ಬರೆದ ಒಂದು ಮುನ್ನುಡಿ ಸಂಚಿಕೆ, ಆಮೇಲೆ ನೋವಾ, ಸಿಲ್ವರ್ ಸರ್ಫರ್, ಸೂಪರ್ ಸ್ಕ್ರಲ್, ರೋನನ್ ನಾಲ್ವರಿಗೂ ನಾಲ್ಕು ನಾಲ್ಕು ಸಂಚಿಕೆ, ಕಡೆಗೆ ಆರು ಸಂಚಿಕೆಗಳ ಮುಖ್ಯ ಕಥೆ. ಮೊದಲ ಸಂಪುಟದಲ್ಲಿ ಡ್ರ್ಯಾಕ್ಸ್‌ನ ಕಿರುಸರಣಿ, ಮುನ್ನುಡಿ, ನೋವಾ ಮೂರೂ ಇವೆ. ನೆಗೆಟಿವ್ ಝೋನ್ ಎಂಬ ಬೇರೆ ಲೋಕದಿಂದ ಅನೈಹಿಲಸ್ ಎಂಬ ದುಷ್ಟನ ಸೈನ್ಯ ನುಗ್ಗಿ ಝ್ಯಾಂಡಾರ್ ಗ್ರಹವನ್ನು ಅಳಿಸಿಹಾಕುತ್ತದೆ. ಅಲ್ಲಿನ ಕಾವಲು ಪಡೆಯಾದ ನೋವಾ ಪಡೆಯಲ್ಲಿ ರಿಚರ್ಡ್ ರೈಡರ್ ಒಬ್ಬನೇ ಉಳಿಯುತ್ತಾನೆ. ಇಡೀ ಪಡೆಯ ಶಕ್ತಿ, ಝ್ಯಾಂಡಾರ್‌ನ ಜ್ಞಾನವೆಲ್ಲ ತುಂಬಿದ ವರ್ಲ್ಡ್‌ಮೈಂಡ್ ಅವನೊಬ್ಬನ ಮೈಯೊಳಗೆ ಸೇರುತ್ತದೆ. ತಾಳಲಾರದೆ ಹುಚ್ಚು ಹಿಡಿಯಬಹುದು ಎಂಬ ಎಚ್ಚರಿಕೆ ಇದ್ದೂ ಅವನು ಒಪ್ಪಿಕೊಳ್ಳುತ್ತಾನೆ. ಡ್ಯಾನ್ ಆಬ್ನೆಟ್, ಆಂಡಿ ಲ್ಯಾನಿಂಗ್ ಬರೆದ ಆ ನಾಲ್ಕು ಸಂಚಿಕೆಗಳಲ್ಲಿ ಹಗುರ ಸ್ವಭಾವದ ಹುಡುಗ ಯೋಧನಾಗುವುದು ಹಂತಹಂತವಾಗಿ ಕಾಣುತ್ತದೆ. ಅವನ ಪಕ್ಕದಲ್ಲಿದ್ದ ಕ್ವೇಸಾರ್ ಎಂಬ ಹೀರೋ ಸಾಯುವಲ್ಲಿಗೆ ಈ ಭಾಗ ಮುಗಿಯುವಾಗ ನೀವು ಯುದ್ಧದ ನಡುವೆಯೇ ಇರುತ್ತೀರಿ, ಆದರೂ ರೈಡರ್‌ನ ಒಂದು ಪಯಣ ಮುಗಿದಿರುತ್ತದೆ.

ಇಷ್ಟವಾದರೆ ಮುಂದಿನ ಎರಡು ಸಂಪುಟ ಕೊಳ್ಳಿ. ಕಥೆಯ ಮುಖ್ಯ ಭಾಗವೆಲ್ಲ ಈ ಮೂರರೊಳಗೇ ಇದೆ, ಇನ್ನೊಂದು ಸರಣಿಯ ಇಷ್ಟನೇ ಸಂಚಿಕೆ ಹುಡುಕಿಕೊಂಡು ಹೋಗಿ ಎಂದು ಇದು ನಿಮ್ಮನ್ನು ಓಡಾಡಿಸುವುದಿಲ್ಲ. 2014ರಲ್ಲಿ ಸಿನಿಮಾ ಆದ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿಯ ತಂಡ ಕಾಮಿಕ್ಸಿನಲ್ಲಿ ರೂಪುಗೊಂಡದ್ದು ಇದರ ಮುಂದಿನ ಭಾಗದಿಂದಲೇ.

ಡಿಸಿ ಯೂನಿವರ್ಸ್: ರೀಬರ್ತ್ (2016)

ಇದೂ ಎಂಬತ್ತು ಪುಟದ ಒಂಟಿ ಪುಸ್ತಕ, ಬರೆದವರು ಜೆಫ್ ಜಾನ್ಸ್. ಒಮ್ಮೆ ಫ್ಲ್ಯಾಶ್ ಎಂಬ ಮಿಂಚಿನ ವೇಗದ ಹೀರೋ ಆಗಿದ್ದು ಈಗ ಎಲ್ಲರ ನೆನಪಿನಿಂದಲೂ ಅಳಿಸಿಹೋದ ವಾಲಿ ವೆಸ್ಟ್, ಯಾರಾದರೂ ಒಬ್ಬರು ತನ್ನನ್ನು ಗುರುತಿಸಲಿ ಎಂದು ಒಬ್ಬೊಬ್ಬರ ಮುಂದೆಯೂ ಮಿಂಚಿ ಮರೆಯಾಗುತ್ತಾನೆ. ಪ್ರೀತಿಸಿದ ಲಿಂಡಾ ಕೂಡ ಗುರುತಿಸುವುದಿಲ್ಲ. ಕೊನೆಗೆ ಆಸೆ ಬಿಟ್ಟು, ತನ್ನ ಗುರು, ಈಗಿನ ಫ್ಲ್ಯಾಶ್ ಬ್ಯಾರಿ ಆಲನ್‌ಗೆ ವಿದಾಯ ಹೇಳಿ ಕರಗುತ್ತಿರುವಾಗ ಬ್ಯಾರಿ ಅವನ ಹೆಸರು ಹಿಡಿದು ಕೂಗಿ, ಕೈ ಹಿಡಿದು ಎಳೆದುಕೊಳ್ಳುತ್ತಾನೆ. ಇಬ್ಬರೂ ತಬ್ಬಿಕೊಳ್ಳುವ ಆ ಪುಟ ಓದಿ ಕಣ್ಣು ಒದ್ದೆ ಮಾಡಿಕೊಂಡವರನ್ನು ನಾನು ಬಲ್ಲೆ.

ಆದರೆ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಬ್ಯಾಟ್‌ಮನ್ ತನ್ನ ಗುಹೆಯ ಗೋಡೆಯಲ್ಲಿ ಹೂತಿದ್ದ, ರಕ್ತದ ಕಲೆಯಿರುವ ನಗುಮುಖದ ಬಿಲ್ಲೆಯೊಂದನ್ನು ಕೀಳುತ್ತಾನೆ. ಆ ಬಿಲ್ಲೆ ವಾಚ್‌ಮೆನ್ ಎಂಬ ಬೇರೆ ಕಾಮಿಕ್ಸಿನದು, ಅದನ್ನು ಓದಿದವರಿಗೆ ಮೈ ಜುಮ್ ಅನ್ನುತ್ತದೆ. ಓದದವರಿಗೆ ಅದೊಂದು ಬಿಲ್ಲೆ ಅಷ್ಟೆ. ಅದಕ್ಕೆ ಉತ್ತರ ಕೊಡುವ ಡೂಮ್ಸ್‌ಡೇ ಕ್ಲಾಕ್ ಶುರುವಾದದ್ದು 2017ರ ನವೆಂಬರ್‌ನಲ್ಲಿ, ಅದರ ಹನ್ನೆರಡು ಸಂಚಿಕೆ ಮುಗಿದದ್ದು 2019ರ ಡಿಸೆಂಬರ್‌ನಲ್ಲಿ. ವಾಲಿಯ ಕಥೆಗೆ ನನ್ನ ಅಳತೆಯಲ್ಲಿ ಪೂರ್ತಿ ಅಂಕ, ಬಿಲ್ಲೆಗೆ ಸೊನ್ನೆ. ಈಗಾಗಲೇ ಡಿಸಿ ಪಾತ್ರಗಳ ಮೇಲೆ ಪ್ರೀತಿ ಇದ್ದವರು ಮಾತ್ರ ಕೊಳ್ಳಿ. ಹೊಸಬರಿಗೆ ಬೇಡ.

ಬಿಡಬೇಕಾದ್ದು

ಕೌಂಟ್‌ಡೌನ್ ಟು ಫೈನಲ್ ಕ್ರೈಸಿಸ್. ಮೇಲಿನ 2005ರ ಪುಸ್ತಕದ ಹೆಸರಿಗೆ ಹತ್ತಿರ ಇರುವುದರಿಂದ ಅಂಗಡಿಯಲ್ಲಿ ಗೊಂದಲವಾಗುತ್ತದೆ, ಹುಷಾರು. 2007ರಿಂದ 2008ರವರೆಗೆ ವಾರಕ್ಕೊಂದರಂತೆ 51 ಸಂಚಿಕೆ, ಸಂಖ್ಯೆ ಐವತ್ತೊಂದರಿಂದ ಒಂದಕ್ಕೆ ಇಳಿಯುತ್ತ ಬಂದ ಸರಣಿ. ನಾಲ್ಕು ಸಂಪುಟ. ಇಷ್ಟೆಲ್ಲ ಓದಿ ಗ್ರಾಂಟ್ ಮಾರಿಸನ್‌ರ ಫೈನಲ್ ಕ್ರೈಸಿಸ್ ತೆರೆದರೆ, ನ್ಯೂ ಗಾಡ್ಸ್ ಎಂಬ ದೇವತೆಗಳಿಗೂ ಅವರಲ್ಲೊಬ್ಬನಾದ ಓರಿಯನ್‌ಗೂ ಏನಾಯಿತು ಎಂದು ಇಲ್ಲಿ ಹೇಳಿದ್ದು ಅಲ್ಲಿ ಹೊಂದುವುದೇ ಇಲ್ಲ. ಪಾತ್ರಗಳು ಒಂದು ಲೋಕದಿಂದ ಇನ್ನೊಂದಕ್ಕೆ ಅಲೆಯುತ್ತವೆ, ತೀರ್ಮಾನವನ್ನು ಮುಂದಿನ ವಾರಕ್ಕೆ ತಳ್ಳುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ. ಫೈನಲ್ ಕ್ರೈಸಿಸ್ ಓದುವ ಆಸೆಯಿದ್ದರೆ ನೇರ ಅದಕ್ಕೇ ಹೋಗಿ.

ಪಟ್ಟಿಯಲ್ಲಿಲ್ಲದ ಪುಸ್ತಕ ಕೈಗೆ ಸಿಕ್ಕರೆ

ಮೊದಲು ಹಿಂಬದಿ ರಕ್ಷಾಪುಟದ ಕೆಳಗಡೆ, ಇಲ್ಲವೇ ಒಳಗೆ ಪ್ರಕಾಶಕರ ವಿವರದ ಪುಟದಲ್ಲಿ, ಯಾವ ಯಾವ ಸಂಚಿಕೆ ಸೇರಿವೆ ಎಂದು ಸಣ್ಣ ಅಕ್ಷರದಲ್ಲಿ ಕೊಟ್ಟಿರುವುದನ್ನು ಓದಿ. ಒಂದೇ ಸರಣಿಯ ಸಂಖ್ಯೆಗಳು ಒಂದರಿಂದ ಆರರವರೆಗೆ ಸಾಲಾಗಿದ್ದರೆ ಒಳ್ಳೆಯ ಲಕ್ಷಣ. ಮೂರು ನಾಲ್ಕು ಸರಣಿಗಳಿಂದ ಒಂದೊಂದು ಎರಡೆರಡು ಹೆಕ್ಕಿದ್ದರೆ, ನಡುವಿನ ಭಾಗ ಬೇರೆ ಸಂಪುಟದಲ್ಲಿರುವ ಸಾಧ್ಯತೆ ಹೆಚ್ಚು. ಆಮೇಲೆ ಕೊನೆಯ ಎರಡು ಪುಟ ನೋಡಿ. ಪುಸ್ತಕದ ಮೊದಲಲ್ಲಿ ಕಂಡ ಮುಖವೇ ಅಲ್ಲೂ ಇದ್ದರೆ ಕಥೆ ಒಂದು ಸುತ್ತು ಬಂದಿದೆ ಎಂದು ನಂಬಬಹುದು. ನೆರಳಿನಲ್ಲಿ ನಿಂತ ಹೊಸ ಆಕೃತಿ, ಕೆಳಗೆ "ಮುಂದಿನ ಕಥೆ ಇಂಥ ಪುಸ್ತಕದಲ್ಲಿ" ಎಂಬ ಸಾಲು ಮಾತ್ರ ಇದ್ದರೆ ವಾಪಸು ಶೆಲ್ಫಿಗೆ ಇಡಿ. ಪ್ಲಾಸ್ಟಿಕ್ ಹೊದಿಸಿದ ಪುಸ್ತಕವಾದರೆ ಅಂಗಡಿಯವರನ್ನು ಕೇಳಿ, ತೆರೆದಿಟ್ಟ ಪ್ರತಿ ಇದ್ದರೆ ತೋರಿಸುತ್ತಾರೆ. ಆನ್‌ಲೈನ್‌ನಲ್ಲಿ ತರಿಸುವವರು ಸಂಚಿಕೆಗಳ ಪಟ್ಟಿ ನೋಡದೆ ಆರ್ಡರ್ ಮಾಡಬೇಡಿ. ಒಂದೇ ಹೆಸರಿನಲ್ಲಿ ಹಳೆಯ, ಹೊಸ ಮುದ್ರಣಗಳಿದ್ದು ಒಳಗಿನ ಸರಕು ಬೇರೆ ಬೇರೆ ಇರುವುದುಂಟು.

ಮಕ್ಕಳಿಗೆ ಕೊಡಿಸುವ ತಂದೆ ತಾಯಂದಿರಿಗೆ ಒಂದು ಮಾತು. ಟೆಡ್ ಕಾರ್ಡ್‌ನ ಕೊನೆಯ ಪುಟಗಳಲ್ಲಿ ತಲೆಗೆ ಗುಂಡು ಬೀಳುವುದನ್ನು ಮರೆಮಾಚದೆ ಬರೆದಿದ್ದಾರೆ. ಹೈಸ್ಕೂಲು ದಾಟದ ಮಕ್ಕಳ ಕೈಗೆ ನಾನು ಅದನ್ನು ಕೊಡುವುದಿಲ್ಲ. ಅನೈಹಿಲೇಶನ್‌ನಲ್ಲಿ ಸಾವು ಬಹಳ ಇದ್ದರೂ ಅದು ಬಾಹ್ಯಾಕಾಶದ ಯುದ್ಧ, ಒಂಬತ್ತನೇ ಹತ್ತನೇ ಕ್ಲಾಸಿನವರು ಓದಬಹುದು. ಅದಕ್ಕಿಂತ ಚಿಕ್ಕವರಾದರೆ ಕ್ರಾಸ್‌ಓವರ್ ಗೊಡವೆಯೇ ಸದ್ಯಕ್ಕೆ ಬೇಡ, ಒಬ್ಬನೇ ಹೀರೋ ಇರುವ, ಆರು ಸಂಚಿಕೆಯಲ್ಲಿ ಮುಗಿಯುವ ಕಥೆ ಕೊಡಿಸಿ.